ಕಾರಿನ ಗಾಜಿನ ಬಿಳಿ ಕಲೆ: ಜಿಡ್ಡೋ, ಸುಣ್ಣವೋ, ಗಾಯವೋ?

ಹೋದ ಬೇಸಿಗೆಯಲ್ಲಿ ನಾವು ಆರು ವಾರ ಊರಿಗೆ ಹೋಗಿದ್ವಿ. ಫೀನಿಕ್ಸ್‌ನಲ್ಲಿ ನಮ್ಮ ಕಾರು ಅಪಾರ್ಟ್‌ಮೆಂಟಿನ ಹುಲ್ಲುಹಾಸಿನ ಪಕ್ಕ ನಿಂತಿತ್ತು. ದಿನಾ ಬೆಳಗಿನ ಜಾವ ಹುಲ್ಲಿಗೆ ನೀರು ಹಾರಿಸುವ ಸ್ಪ್ರಿಂಕ್ಲರ್ ಕಾರಿನ ಬಲಭಾಗಕ್ಕೂ ಒಂದಿಷ್ಟು ಎರಚಿದೆ, ಆಮೇಲೆ ಅರಿಜೋನಾ ಬಿಸಿಲು ಅದನ್ನು ಒಣಗಿಸಿದೆ. ವಾಪಸ್ ಬಂದಾಗ ಬಲಗಡೆಯ ಕಿಟಕಿ ಮತ್ತು ಮುಂದಿನ ವಿಂಡ್‌ಶೀಲ್ಡಿನ ಅರ್ಧ ಭಾಗ ಸುಣ್ಣ ಚಿಮುಕಿಸಿದ ಹಾಗಿತ್ತು. ಒರೆಸಿದ್ವಿ. ಒದ್ದೆ ಇದ್ದಾಗ ಮಾಯವಾದ ಕಲೆ ಒಣಗಿದ ಕೂಡಲೇ ಮತ್ತೆ ಹಾಜರು. ಮಧ್ಯಾಹ್ನದ ಬೆಳಕಲ್ಲಿ ಪರವಾಗಿಲ್ಲ ಅನ್ನಿಸ್ತು, ಹಾಗೇ ಬಿಟ್ವಿ.

ಎರಡು ದಿನದ ನಂತರ ಸಂಜೆ ಪಶ್ಚಿಮಕ್ಕೆ ಹೋಗ್ತಾ ಇದ್ವಿ. ಸೂರ್ಯ ರಸ್ತೆಯ ಕೊನೆಯಲ್ಲೇ ಕೂತಿದ್ದ. ಬಲಕ್ಕೆ ತಿರುಗುವ ಹೊತ್ತಿಗೆ ಆ ಅರ್ಧ ಗಾಜು ಪೂರ್ತಿ ಬೆಳ್ಳಗೆ ಹೊಳೆಯಿತು, ಅದರ ಹಿಂದೆ ಸೈಕಲ್ ಮೇಲಿದ್ದ ಹುಡುಗ ಕಾಣಲೇ ಇಲ್ಲ. ಬ್ರೇಕ್ ಬಿದ್ದದ್ದು ಪುಣ್ಯ. ಹುಡುಗ ದಾಟಿಹೋದ, ನಮ್ಮ ಕೈ ನಡುಗ್ತಾ ಇತ್ತು.

ಮಧ್ಯಾಹ್ನ ಸರಿಯಾಗಿ ಕಾಣುವ ಗಾಜು ಸಂಜೆ ಯಾಕೆ ಕುರುಡಾಗುತ್ತೆ? ಸಣ್ಣ ಕಣಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚದುರಿಸುತ್ತವೆ. ಸೂರ್ಯ ತಲೆ ಮೇಲಿದ್ದರೆ ಆ ಚದುರಿದ ಬೆಳಕು ಡ್ಯಾಶ್‌ಬೋರ್ಡಿಗೆ ಬೀಳುತ್ತೆ. ಸೂರ್ಯನೋ ಎದುರು ಕಾರಿನ ಹೆಡ್‌ಲೈಟೋ ನೇರ ಮುಂದಿದ್ದರೆ ನಮ್ಮ ಕಣ್ಣಿಗೇ ಬರುತ್ತೆ. ಒದ್ದೆಯಾದಾಗ ಕಲೆ ಮಾಯವಾಗಲಿಕ್ಕೂ ಕಾರಣ ಇದೆ. ಒರಟು ಮೇಲ್ಮೈಯ ತಗ್ಗುಗಳನ್ನು ನೀರು ತುಂಬುತ್ತೆ. ಬೆಳಕನ್ನು ಬಾಗಿಸುವುದರಲ್ಲಿ ಗಾಳಿಗಿಂತ ನೀರು ಗಾಜಿಗೆ ಹತ್ತಿರ. ಹಾಗಾಗಿ ಬೆಳಕು ಚದುರುವುದು ಕಡಿಮೆಯಾಗುತ್ತೆ. ಅಂದರೆ ಒದ್ದೆ ಗಾಜು ನೋಡಿ ‘ಹೋಯ್ತು’ ಅಂದುಕೊಳ್ಳಬಾರದು.

ಇನ್ನು ಆ ಬಿಳಿ ವಸ್ತು ಏನು? ಊರಲ್ಲಿ ಬೋರ್‌ವೆಲ್ ನೀರು ಕಾಯಿಸಿದವರಿಗೆ ಹೇಳಬೇಕಾಗಿಲ್ಲ. ಪಾತ್ರೆಯ ತಳದಲ್ಲಿ, ಗೀಸರ್ ಕಾಯಿಲ್ ಮೇಲೆ ಕೂರುವ ಅದೇ ಗಟ್ಟಿ ಪೊರೆ. ಫೀನಿಕ್ಸ್‌ಗೆ ನೀರು ಬರುವುದು ಹೆಚ್ಚಾಗಿ ಸಾಲ್ಟ್, ವರ್ಡೆ ಮತ್ತು ಕೊಲೊರಾಡೊ ನದಿಗಳಿಂದ. ಕೊಲೊರಾಡೊ ನೀರನ್ನು ಲೇಕ್ ಹವಾಸುವಿನಿಂದ ತರುವ ಕಾಲುವೆಯ ಒಟ್ಟು ಉದ್ದ ಸುಮಾರು 540 ಕಿಲೋಮೀಟರ್. ಸುಣ್ಣಕಲ್ಲು, ಜಿಪ್ಸಮ್ ಬಂಡೆಗಳನ್ನು ಸವರಿಕೊಂಡು, ಮರುಭೂಮಿ ಬಿಸಿಲಲ್ಲಿ ಒಂದಿಷ್ಟು ಆವಿಯಾಗಿ ಬರುವ ನೀರು ಅದು. ಲೀಟರಿಗೆ 180 ಮಿಲಿಗ್ರಾಂ ದಾಟಿದರೆ ‘ಬಹಳ ಗಡಸು’ ಅಂತ ಅಮೆರಿಕದ ಭೂಗರ್ಭ ಸರ್ವೇಕ್ಷಣೆ ಲೆಕ್ಕ ಹಾಕುತ್ತೆ. ಇಲ್ಲಿನ ನಲ್ಲಿ ನೀರು ಎಷ್ಟೋ ಸಲ ಆ ಗೆರೆ ದಾಟುತ್ತೆ.

ಒಂದು ಲೆಕ್ಕ ಮಾಡೋಣ. ಒಂದು ಹನಿ ಅಂದರೆ ಸುಮಾರು 0.05 ಮಿಲಿಲೀಟರ್. ಲೀಟರಿಗೆ 200 ಮಿಲಿಗ್ರಾಂ ಅಂತ ಹಿಡಿದರೆ ಹನಿಯಲ್ಲಿ ಇರುವುದು 0.01 ಮಿಲಿಗ್ರಾಂ. ಏನೂ ಅಲ್ಲ ಅನ್ನಿಸುತ್ತೆ. ಆದರೆ ನೀರು ಆವಿಯಾಗುವಾಗ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗಿ, ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತೆ. ನೀರು ಹೋಯಿತು, ಕಲ್ಲು ಉಳಿಯಿತು. ಹೀಗೆ 42 ಬೆಳಗು!

ಕಲೆ ಉಂಗುರದ ಆಕಾರದಲ್ಲೇ ಇರುವುದನ್ನು ಗಮನಿಸಿದ್ದೀರಾ? ಕಾಫಿ ಹನಿ ಒಣಗಿದಾಗಲೂ ಅಂಚು ಮಾತ್ರ ಕಪ್ಪಾಗುತ್ತೆ. 1997ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಇದನ್ನು ವಿವರಿಸಿದರು. ಹನಿಯ ಅಂಚು ಗಾಜಿಗೆ ಕಚ್ಚಿಕೊಂಡಿರುತ್ತೆ, ಅಂಚಿನಲ್ಲೇ ಬೇಗ ಆವಿಯಾಗುತ್ತೆ. ಆ ಕೊರತೆ ತುಂಬಲು ನಡುವಿನ ನೀರು ಹೊರಕ್ಕೆ ಹರಿದು, ತನ್ನ ಜೊತೆ ಇದ್ದದ್ದನ್ನೆಲ್ಲ ಅಂಚಿಗೆ ತಂದು ಹಾಕುತ್ತೆ.

ಈಗ ಮುಖ್ಯ ಮಾತು. ನಾವು ಮಾಡಿದ ತಪ್ಪು ಏನಂದ್ರೆ, ಕಲೆ ಯಾವುದು ಅಂತ ಕೇಳದೇ ಸಿಟ್ಟಲ್ಲಿ ಅಡುಗೆಮನೆಯ ಸ್ಕ್ರಬ್ಬರ್ ತಗೊಂಡು ಒಣ ಗಾಜನ್ನು ಉಜ್ಜಿದ್ದು. ಕಲೆ ಹೋಗಲಿಲ್ಲ, ಮೇಲೆ ಗೀರು ಬಂತು. ಗಾಜಿನ ಮೇಲಿನ ಮಸುಕು ಮೂರು ಥರ. ಯಾವುದು ಅಂತ ಪತ್ತೆ ಮಾಡುವುದೇ ಅರ್ಧ ಕೆಲಸ.

ಮೊದಲನೆಯದು ಜಿಡ್ಡು. ಹೊರಗೆ ರಸ್ತೆಯ ಎಣ್ಣೆ, ಕಾರ್ ವಾಶ್‌ನ ಮೇಣ. ಒಳಗೆ, ಬಿಸಿಲಿಗೆ ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್ಕಿನಿಂದ ಆವಿಯಾಗಿ ಬಂದು ಗಾಜಿಗೆ ಕೂರುವ ರಾಸಾಯನಿಕಗಳು. ಬೆರಳಾಡಿಸಿದರೆ ಗೆರೆ ಮೂಡುತ್ತೆ. ಹೊರಗೆ ಪಾತ್ರೆ ತೊಳೆಯುವ ಸೋಪಿನ ನೀರು ಸಾಕು. ಒಳಗೆ ಮೆತ್ತನೆ ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್, ಆಮೇಲೆ ಇನ್ನೊಂದು ಒಣ ಬಟ್ಟೆ. ಟಿಂಟ್ ಫಿಲ್ಮ್ ಇದ್ದರೆ ಅಮೋನಿಯಾ ಇರುವ ಕ್ಲೀನರ್ ಬೇಡ. ಜಿಡ್ಡು ಹೋದ ಬರಿಯ ಗಾಜಿನ ಮೇಲೆ ನೀರು ಹನಿಗಟ್ಟದೆ ಹಾಳೆಯ ಹಾಗೆ ಹರಡುತ್ತೆ.

ಎರಡನೆಯದು ಖನಿಜ. ಉಗುರಿಗೆ ಉಬ್ಬು ಸಿಗುತ್ತೆ. ಅಡುಗೆಯ ಬಿಳಿ ವಿನೆಗರ್‌ನಲ್ಲಿ ಸುಮಾರು 5 ಶೇಕಡಾ ಅಸಿಟಿಕ್ ಆಮ್ಲ ಇರುತ್ತೆ. ಪೇಪರ್ ಟವೆಲನ್ನು ಅದರಲ್ಲಿ ನೆನೆಸಿ, ನೆರಳಲ್ಲಿ, ತಣ್ಣಗಿರುವ ಗಾಜಿಗೆ ಹತ್ತು ನಿಮಿಷ ಅಂಟಿಸಿ. ಉಜ್ಜುವ ಅವಸರ ಬೇಡ, ಆಮ್ಲ ಸುಣ್ಣವನ್ನು ಕರಗಿಸಲು ಸಮಯ ಕೊಡಿ. ಬೇಕಾದರೆ ಎರಡು, ಮೂರು ಸಲ ಮಾಡಿ, ಚೆನ್ನಾಗಿ ನೀರು ಹಾಕಿ ತೊಳೆದು ಒರೆಸಿ. ಪೇಂಟ್, ಅಲ್ಯೂಮಿನಿಯಂ ಪಟ್ಟಿ, ಕಾಂಕ್ರೀಟ್ ಮೇಲೆ ವಿನೆಗರ್ ನಿಲ್ಲಲು ಬಿಡಬೇಡಿ. ಬ್ಲೀಚ್ ಜೊತೆ ಅಂತೂ ಯಾವತ್ತೂ ಬೆರೆಸಬೇಡಿ, ಕ್ಲೋರಿನ್ ಅನಿಲ ಬರುತ್ತೆ. ಹಾಂ, ನೀರಲ್ಲಿರುವ ಜಿಪ್ಸಮ್, ಸಿಲಿಕಾ ಬಿಟ್ಟುಹೋಗುವ ಪದರಕ್ಕೆ ವಿನೆಗರ್ ಹೆಚ್ಚೇನೂ ಮಾಡುವುದಿಲ್ಲ.

ಮೂರನೆಯದು ಗಾಯ. ಉಬ್ಬು ಹೋಗಿದೆ, ಉಗುರಿಗೆ ಏನೂ ಸಿಗದು, ಆದರೂ ಉಂಗುರ ಕಾಣುತ್ತೆ. ಇಲ್ಲಿ ಹಾಳಾಗಿರುವುದು ಗಾಜೇ. ಗಾಜಿನಲ್ಲಿ ಸಿಲಿಕಾ ಜೊತೆ ಸೋಡಿಯಂ, ಕ್ಯಾಲ್ಸಿಯಂ ಇರುತ್ತೆ. ನಿಂತ ನೀರು ಗಾಜಿನಿಂದ ಸೋಡಿಯಂ ಎಳೆದುಕೊಂಡು ತಾನು ಕ್ಷಾರವಾಗುತ್ತೆ. ಹರಿಯುವ ನೀರಾದರೆ ಆ ಕ್ಷಾರ ತೊಳೆದುಹೋಗುತ್ತಿತ್ತು, ಸಣ್ಣ ಹನಿಯಲ್ಲಿ ಮಾತ್ರ ಅದು ಸಾಂದ್ರವಾಗುತ್ತೆ. ಪಿಎಚ್ 9 ದಾಟಿದರೆ ಸಿಲಿಕಾದ ಜಾಲವೇ ನಿಧಾನವಾಗಿ ಕರಗಲು ಶುರು. ಇದನ್ನು ಯಾವ ಕ್ಲೀನರೂ ‘ತೆಗೆಯಲಾರದು’, ತೆಗೆಯಲು ಅಲ್ಲಿ ಏನೂ ಇಲ್ಲ. ಸೀರಿಯಂ ಆಕ್ಸೈಡ್ ಪುಡಿಯ ಪಾಲಿಶ್‌ನಿಂದ ಸುತ್ತಲಿನ ಗಾಜನ್ನೇ ಆ ತಗ್ಗಿನ ಮಟ್ಟಕ್ಕೆ ಸವೆಸಬಹುದು ಅಷ್ಟೇ. ಪಕ್ಕದ ಕಿಟಕಿಗೆ ಸರಿ. ಚಾಲಕರ ಕಣ್ಣೆದುರಿನ ಜಾಗದಲ್ಲಿ ಮಾತ್ರ ಬೇಡ. ಏರುಪೇರಾಗಿ ಸವೆದರೆ ರಸ್ತೆಯೇ ಅಲೆಯಾಡಿದ ಹಾಗೆ ಕಾಣುತ್ತೆ. ಅಲ್ಲಿ ಗಾಜು ಬದಲಿಸುವುದೇ ಒಳ್ಳೆಯದು.

ಒಂದು ಎಚ್ಚರಿಕೆ, ದಯವಿಟ್ಟು ಗಮನವಿಟ್ಟು ಕೇಳಿ. ಕಲೆ ತೆಗೆಯುವ ಕೆಲವು ಕ್ಲೀನರ್‌ಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತೆ. ಸಿಲಿಕಾವನ್ನು ಕರಗಿಸುವ ಶಕ್ತಿ ಇರುವುದರಿಂದ ಗಾಜನ್ನೂ ತಿನ್ನುತ್ತೆ. ಚರ್ಮದ ಮೂಲಕ ಒಳಗಿಳಿದು ದೇಹದ ಕ್ಯಾಲ್ಸಿಯಂ ಅನ್ನೂ ಹಿಡಿಯುತ್ತೆ, ಹೆಚ್ಚಾದರೆ ಹೃದಯದ ಬಡಿತ ತಪ್ಪಿಸುತ್ತೆ. ದ್ರಾವಣ ತೆಳುವಾಗಿದ್ದರೆ ನೋವು ಗಂಟೆಗಳ ನಂತರ ಬರಬಹುದು, ಅಷ್ಟರಲ್ಲಿ ಒಳಗೆ ಹಾನಿ ಆಗಿರುತ್ತೆ. ನಾವು ಅಂಥ ಬಾಟಲಿಯನ್ನು ಅಂಗಡಿಯಲ್ಲಿ ಕೈಗೆತ್ತಿಕೊಂಡಿದ್ವಿ, ಹಿಂದಿನ ಸಣ್ಣ ಅಕ್ಷರ ಓದಿ ವಾಪಸ್ ಇಟ್ವಿ. ಆಕಸ್ಮಾತ್ ಮೈಮೇಲೆ ಬಿದ್ದರೆ ಕೂಡಲೇ ತುಂಬಾ ನೀರು ಹಾಕಿ ತೊಳೆದು, ನೋವಿಗೆ ಕಾಯದೆ ಆಸ್ಪತ್ರೆಗೆ ಹೋಗಿ, ಬಾಟಲಿಯನ್ನೂ ತೋರಿಸಿ. ಚಿಕಿತ್ಸೆಗೆ ಕ್ಯಾಲ್ಸಿಯಂ ಗ್ಲುಕೊನೇಟ್ ಬಳಸುತ್ತಾರೆ. ಅಮೆರಿಕದಲ್ಲಿ ಪಾಯ್ಸನ್ ಕಂಟ್ರೋಲ್ ಸಂಖ್ಯೆ 1-800-222-1222.

ಇನ್ನು ಬರದಂತೆ ತಡೆಯುವುದು. ಕಾರ್ ವಾಶ್‌ನಲ್ಲಿ ‘ಸ್ಪಾಟ್ ಫ್ರೀ ರಿನ್ಸ್’ ಅಂತ ಬರೆದಿರುವುದು ಸಾಮಾನ್ಯವಾಗಿ ನಮ್ಮ ಊರಿನ ಮನೆಗಳಲ್ಲಿರುವ ಆರ್‌ಓ ಫಿಲ್ಟರ್ ಥರದ ನೀರೇ, ಟಿಡಿಎಸ್ ಕಡಿಮೆ. ಮನೆಯ ವಾಟರ್ ಸಾಫ್ಟ್‌ನರ್ ನೀರು ಬಳಸಿದರೂ ಕಲೆ ಬರುತ್ತೆ, ಅದು ಕ್ಯಾಲ್ಸಿಯಂ ಬದಲು ಸೋಡಿಯಂ ಇಡುತ್ತೆ ಅಷ್ಟೇ. ಆದರೆ ಸೋಡಿಯಂ ಲವಣಗಳು ನೀರಲ್ಲಿ ಕರಗುವುದರಿಂದ ಒದ್ದೆ ಬಟ್ಟೆಗೇ ಹೋಗುತ್ತವೆ. ಎಲ್ಲಕ್ಕಿಂತ ಸುಲಭವಾದದ್ದು, ನೀರು ಒಣಗುವ ಮೊದಲೇ ಒರೆಸುವುದು.

ನಮ್ಮ ಕಾರಿನ ಕಥೆ? ವಿನೆಗರ್ ನಾಲ್ಕು ಸಲ ಹಾಕಿದ ಮೇಲೆ ಬಹುಪಾಲು ಹೋಯಿತು. ಬಲಗಡೆ ಕಿಟಕಿಯನ್ನು ಪಾಲಿಶ್ ಮಾಡಿಸಿದ್ವಿ. ವಿಂಡ್‌ಶೀಲ್ಡ್ ಬದಲಿಸಿದ್ವಿ, ಖರ್ಚು ಆಯಿತು, ಆ ಹುಡುಗನ ನೆನಪಾದಾಗ ದೊಡ್ಡದು ಅನ್ನಿಸಲಿಲ್ಲ. ಈ ಸಲ ಊರಿಗೆ ಹೊರಡುವ ಮುಂಚೆ ಕಾರನ್ನು ಹುಲ್ಲಿನಿಂದ ದೂರ ನಿಲ್ಲಿಸ್ತೀವಿ. ನೀವೂ ಇವತ್ತು ಸಂಜೆ ಸೂರ್ಯನಿಗೆ ಎದುರಾಗಿ ಕಾರು ನಿಲ್ಲಿಸಿ, ಒಳಗೆ ಕೂತು ಒಮ್ಮೆ ಗಾಜು ನೋಡಿ.