ಕೆಂಪೇಗೌಡರ ಗೋಪುರಗಳು: ಗಡಿಕಲ್ಲೋ, ಕಾವಲುಗಣ್ಣೋ?

ಲಾಲ್‌ಬಾಗಿಗೆ ಹೋದ ಮಕ್ಕಳು ಗಾಜಿನ ಮನೆ ನೋಡಿ ಮುಗಿಸಿದ ಕೂಡಲೇ ಓಡುವುದು ಅಲ್ಲಿನ ದೊಡ್ಡ ಬಂಡೆಯ ಕಡೆಗೆ. ಬಂಡೆಯ ನೆತ್ತಿಯ ಮೇಲೆ ಪುಟ್ಟದೊಂದು ಗೋಪುರ. ಅದರ ನೆರಳಿನಲ್ಲಿ ನಿಂತು ಫೋಟೋ ತೆಗೆಸಿಕೊಂಡು, 'ಇದು ಕೆಂಪೇಗೌಡ ಗೋಪುರ, ಬೆಂಗಳೂರಿನ ಗಡಿ' ಎಂಬ ಹಿರಿಯರ ಮಾತು ಕೇಳಿ ಇಳಿದು ಬಂದರೆ ಅಲ್ಲಿಗೆ ಪಾಠ ಮುಗಿಯಿತು. ಆದರೆ 'ಗಡಿ' ಎಂಬ ಆ ಮಾತು ಎಷ್ಟು ನಿಜ?

ಯಲಹಂಕದ ನಾಡಪ್ರಭು ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿ ಬೆಂಗಳೂರು ಪೇಟೆಯನ್ನು ಸ್ಥಾಪಿಸಿದ್ದು 1537ರಲ್ಲಿ. ಚಿಕ್ಕಪೇಟೆ ಮತ್ತು ದೊಡ್ಡಪೇಟೆ ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೂ ನೇಗಿಲು ಹೂಡಿ ಬೀದಿಗಳ ಗುರುತು ಹಾಕಿಸಿದರೆಂಬ ಕಥೆ ಎಲ್ಲರಿಗೂ ಗೊತ್ತು. ಗೋಪುರಗಳು ಮಾತ್ರ ಆ ಕಾಲದವಲ್ಲ, ಹದಿನಾರನೇ ಶತಮಾನದ ಕೊನೆಯ ಹೊತ್ತಿಗೆ ಅವರ ಮಗ ಇಮ್ಮಡಿ ಕೆಂಪೇಗೌಡರು ಕಟ್ಟಿಸಿದವು ಎಂಬ ಅಭಿಪ್ರಾಯವೇ ಹೆಚ್ಚು ಪ್ರಚಲಿತ. ಲಾಲ್‌ಬಾಗಿನದು ಒಂದು. ಗವಿಪುರದ ಕೆಂಪಾಂಬುಧಿ ಕೆರೆಯ ಬಳಿ ಇನ್ನೊಂದು, ಹಲಸೂರು ಕೆರೆಯ ಪಕ್ಕ ಮತ್ತೊಂದು, ಬಳ್ಳಾರಿ ರಸ್ತೆಯ ಮೇಖ್ರಿ ವೃತ್ತದಲ್ಲಿ ನಾಲ್ಕನೆಯದು. ಮುಂದೊಂದು ದಿನ ಊರು ಇಲ್ಲಿಯವರೆಗೆ ಬೆಳೆದೀತೆಂದು ಊಹಿಸಿ ನಾಲ್ಕು ದಿಕ್ಕಿಗೆ ನಾಲ್ಕು ಗೋಪುರ ನಿಲ್ಲಿಸಿದರು ಎಂಬುದು ಜನಜನಿತ ಕಥೆ.

ಈಗ ಬೆಂಗಳೂರಿನ ನಕ್ಷೆಯೊಂದನ್ನು ಹರಡಿಕೊಂಡು ಈ ನಾಲ್ಕು ಜಾಗಗಳಿಗೂ ಪೆನ್ಸಿಲಿನಿಂದ ಚುಕ್ಕೆ ಇಡಿ. ಗೆರೆ ಎಳೆದರೆ ಚೌಕ ಬರುವುದಿಲ್ಲ! ಕೆಂಪಾಂಬುಧಿಯ ಗೋಪುರ ಮತ್ತು ಲಾಲ್‌ಬಾಗಿನ ಗೋಪುರ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಅವುಗಳ ನಡುವೆ ಇರುವುದು ಮೂರು ಕಿಲೋಮೀಟರಿನ ಒಳಗಿನ ದೂರ. ಉತ್ತರದ ಮೇಖ್ರಿ ಗೋಪುರವಾದರೋ ಲಾಲ್‌ಬಾಗಿನಿಂದ ಸುಮಾರು ಏಳು ಕಿಲೋಮೀಟರು ದೂರ. ಗಡಿ ಹಾಕುವವರು ಒಂದು ಕಡೆ ಗೇಣು, ಇನ್ನೊಂದು ಕಡೆ ಮಾರು ಅಳೆಯುತ್ತಾರೆಯೇ? ಅಂದಿನ ಪೇಟೆಯ ಯಲಹಂಕ ಬಾಗಿಲು ಇದ್ದದ್ದು ಈಗಿನ ಮೈಸೂರು ಬ್ಯಾಂಕ್ ವೃತ್ತದ ಆಸುಪಾಸಿನಲ್ಲಿ. ಅಲ್ಲಿಂದ ಮೇಖ್ರಿಗೆ ನಾಲ್ಕು ಕಿಲೋಮೀಟರು. ಅದು ಗೌಡರ ತವರೂರಾದ ಯಲಹಂಕಕ್ಕೆ ಹೋಗುವ ದಾರಿ ಎಂಬುದನ್ನು ಮರೆಯಬಾರದು.

ಹಾಗಾದರೆ ಈ ಜಾಗಗಳನ್ನು ಆರಿಸಿದ್ದು ಹೇಗೆ? ಉತ್ತರ ಕಾಲ ಕೆಳಗೇ ಇದೆ. ನಾಲ್ಕೂ ಗೋಪುರಗಳು ನಿಂತಿರುವುದು ಕಲ್ಲುನೆಲದ ದಿಬ್ಬದ ಮೇಲೆ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಇದು 'ಪೆನಿನ್ಸುಲಾರ್ ನೈಸ್' ಎಂಬ ಜಾತಿಯ ಶಿಲೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಾ. ಸ್ಮೀತ್ 1916ರಲ್ಲಿ ಇಟ್ಟ ಹೆಸರು ಅದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಪಾಯ ತೋಡುವ ಕೆಲಸವೇ ಇಲ್ಲದ ಇಂಥ ಜಾಗ ಯಾವ ಮೇಸ್ತ್ರಿಗೆ ತಾನೇ ಬೇಡ!

ಕಟ್ಟಡದ ರೀತಿಯೂ ಸರಳ. ಕೆಳಗೆ ಕಲ್ಲಿನ ಪುಟ್ಟ ಮಂಟಪ, ಮೇಲೆ ಚಪ್ಪಡಿ, ಅದರ ಮೇಲೆ ಇಟ್ಟಿಗೆ-ಗಾರೆಯ ಶಿಖರ. ಕಂಬಗಳು ಅಷ್ಟು ಹತ್ತಿರ ಹತ್ತಿರ ಇರುವುದೇಕೆ? ಕಲ್ಲು ಎಷ್ಟು ಒತ್ತಿದರೂ ತಡೆದುಕೊಳ್ಳುತ್ತದೆ, ಎಳೆತವನ್ನು ತಾಳುವುದಿಲ್ಲ. ಉದ್ದನೆಯ ಚಪ್ಪಡಿಯ ಎರಡು ತುದಿಗೆ ಮಾತ್ರ ಆಸರೆ ಕೊಟ್ಟು ಮೇಲೆ ಭಾರ ಹೇರಿದರೆ, ಅದರ ಕೆಳಮೈ ಎಳೆತಕ್ಕೆ ಸಿಕ್ಕಿ ಬಿರುಕು ಬಿಡುತ್ತದೆ. ಆದ್ದರಿಂದ ಚಪ್ಪಡಿಯನ್ನು ಗಿಡ್ಡವಾಗಿಯೇ ಇಡಬೇಕು. ಗಾರೆಯ ಗುಣ ಬೇರೆ. ಸುಣ್ಣದ ಕಲ್ಲನ್ನು ಸುಟ್ಟು ನೀರು ಹಾಕಿ ಅರಳಿಸಿದ ಸುಣ್ಣ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅಂದರೆ ಕಲ್ಲಾಗಿದ್ದದ್ದು ಪುಡಿಯಾಗಿ ಮತ್ತೆ ಕಲ್ಲೇ ಆಗುತ್ತದೆ.

ಕೋಟೆಯ ಬುರುಜಿನಂತೆ ಮೆಟ್ಟಿಲು ಹತ್ತಿ ಮೇಲೆ ನಿಲ್ಲುವ ಕಟ್ಟಡವಲ್ಲ ಇದು. ಎತ್ತರ ಕೊಟ್ಟದ್ದು ಬಂಡೆ. ಗೋಪುರ ಅದರ ಗುರುತು, ಕಾವಲಿನವನಿಗೆ ನೆರಳು. ಆ ಎತ್ತರದ ಬೆಲೆಯನ್ನು ಲೆಕ್ಕ ಹಾಕಿ ನೋಡಬಹುದು. ನೆಲದಿಂದ ಕಣ್ಣಿನ ಎತ್ತರವನ್ನು ಮೀಟರಿನಲ್ಲಿ ಹಿಡಿದು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಸಮತಟ್ಟಾದ ಬಯಲಿನಲ್ಲಿ ನಿಂತ ಹುಡುಗನ ಕಣ್ಣು ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ಅವನಿಗೆ ಕಾಣುವುದು ನಾಲ್ಕೂ ಕಾಲು ಕಿಲೋಮೀಟರು ಚಿಲ್ಲರೆ. ಅದೇ ಕಣ್ಣು 25 ಮೀಟರ್ ಮೇಲಿದ್ದರೆ ಸುಮಾರು 18 ಕಿಲೋಮೀಟರು! ಕುದುರೆ ದಂಡಿನ ಧೂಳನ್ನು ಅಷ್ಟು ದೂರದಲ್ಲೇ ಕಂಡರೆ ಕೋಟೆ ಬಾಗಿಲು ಹಾಕಲು ಬೇಕಾದಷ್ಟು ಸಮಯ ಸಿಕ್ಕೀತು. ಇಷ್ಟಿದ್ದೂ 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಬೆಂಗಳೂರನ್ನು ಗೆದ್ದುಕೊಂಡ. ಗೌಡರ ವಂಶ ಮಾಗಡಿಗೆ ಸರಿಯಿತು. ರಾಜಾಜಿನಗರ, ವಿಜಯನಗರದ ಮಕ್ಕಳು ದಿನವೂ ದಾಟುವ ಮಾಗಡಿ ರಸ್ತೆ ಹೋಗುವುದು ಆ ಊರಿಗೇ.

ಪಶ್ಚಿಮ ಬೆಂಗಳೂರಿನವರಿಗೆ ಹತ್ತಿರದ್ದು ಕೆಂಪಾಂಬುಧಿಯ ಗೋಪುರ. ಫೋಟೋ ತೆಗೆಸಿಕೊಳ್ಳುವವರು ಅಲ್ಲಿಗೆ ಹೋಗುವುದು ಕಡಿಮೆ. ವಿಜ್ಞಾನದ ದೃಷ್ಟಿಯಿಂದ ಲಾಲ್‌ಬಾಗಿನದಕ್ಕಿಂತ ಅದೇ ಸ್ವಾರಸ್ಯಕರ. ಲಾಲ್‌ಬಾಗಿನ ಕಡೆ ಬಿದ್ದ ಮಳೆ ಕೋರಮಂಗಲದ ಕಣಿವೆ ಹಿಡಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಕೆಂಪಾಂಬುಧಿಯ ಕಡೆ ಬಿದ್ದದ್ದು ವೃಷಭಾವತಿಗೆ ಇಳಿದು, ನಾಯಂಡಹಳ್ಳಿ, ಕೆಂಗೇರಿ ದಾಟಿ ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಮೂರು ಕಿಲೋಮೀಟರಿನ ಒಳಗೆ ಎರಡು ನದಿಗಳ ನೀರು ಬೇರೆಯಾಗುವ ಏಣು! ಇಲ್ಲಿ ದೊಡ್ಡ ಹೊಳೆ ಹರಿಯುವುದಿಲ್ಲ. ಬಿದ್ದ ಮಳೆಯನ್ನು ಕೆರೆ ಕಟ್ಟಿ ನಿಲ್ಲಿಸಿಕೊಂಡರೆ ಮಾತ್ರ ಊರು ಉಳಿಯುತ್ತದೆ. ನಾಲ್ಕರಲ್ಲಿ ಮೂರು ಗೋಪುರಗಳ ಬಳಿ ಕೆರೆ ಇರುವುದನ್ನು ನೋಡಿದರೆ, ಕಾವಲು ದಂಡಿಗೆ ಮಾತ್ರವಲ್ಲ, ನೀರಿಗೂ ಇತ್ತೇನೋ ಎನಿಸುತ್ತದೆ.

ಗೌಡರ ಕಾಲದ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ. ಕೆಂಪಾಂಬುಧಿ ಉಳಿದಿದೆ. ಅದರ ದಂಡೆಗೆ ಹೋಗಿ ನಿಂತರೆ ಗೋಪುರದ ಸುತ್ತ ಮನೆಗಳೇ ಮನೆಗಳು. 18 ಕಿಲೋಮೀಟರಿನ ದಿಗಂತ ಹೋಗಲಿ, ಎದುರು ಬೀದಿ ಕಂಡರೆ ಹೆಚ್ಚು. ಇದೇ ಕಣಿವೆಯ ನೀರು ಊರಿನ ಕೊಳಚೆಯನ್ನು ಹೊತ್ತುಕೊಂಡು ಮೈಸೂರು ರಸ್ತೆಯ ಉದ್ದಕ್ಕೂ ಹರಿಯುತ್ತದೆ. ಕೆಂಗೇರಿಯ ಬಸ್ಸಿನಲ್ಲಿ ಕುಳಿತವರು ಕಿಟಕಿ ಮುಚ್ಚಿಕೊಳ್ಳುವುದು ಆ ವೃಷಭಾವತಿಯ ವಾಸನೆಗೇ.