ಹಳೆಯ ಗಣಕಕ್ಕೆ ಹೊಸ ಆಯುಷ್ಯ

೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು ನಿಂತಿತು. ವಿಂಡೋಸ್ ೧೧ ಕೇಳುವ ಅರ್ಹತೆಗಳಿಲ್ಲದ ಎಷ್ಟೋ ಗಣಕಗಳು, ಮೈಕೈ ಗಟ್ಟಿಯಿದ್ದರೂ, ಮೂಲೆ ಸೇರುವ ಗತಿಗೆ ಬಂದುವು. ಅಂಥವಕ್ಕೆ ಲಿನಕ್ಸ್ ಉಂಟು. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಇದರ ತಿರುಳನ್ನು ಬರೆಯತೊಡಗಿದಾಗ ಅವರಿಗೆ ವಯಸ್ಸು ೨೧. ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ಲಿನಕ್ಸಿನ ಬಗೆಗಳು ನೂರಾರು. ಹೊಸಬರು ಅವನ್ನೆಲ್ಲ ತೂಗುತ್ತ ಕೂರುವುದು ವ್ಯರ್ಥ. ವಿಂಡೋಸಿಗೆ ಪಳಗಿದ ಕೈಗೆ ಲಿನಕ್ಸ್ ಮಿಂಟ್ ಬೇಗ ಒಗ್ಗುತ್ತದೆ. ಯಂತ್ರ ಮುದಿಯಾಗಿದ್ದರೆ ಅದರದೇ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ.

ಮಡಿಕೆ ಬಿಚ್ಚಿ ನೋಡದೆ ಸೀರೆ ಕೊಳ್ಳುವ ಗೃಹಿಣಿಯುಂಟೆ? ಇಲ್ಲಿಯೂ ಹಾಗೆಯೇ. ಮಿಂಟನ್ನು ಖಾಲಿ ಪೆನ್ ಡ್ರೈವಿಗೆ ಇಳಿಸಿ, ಗಣಕವನ್ನು ಅದರಿಂದಲೇ ಆರಂಭಿಸಿದರೆ, ಒಳಗಿನ ಡಿಸ್ಕನ್ನು ಮುಟ್ಟದೆಯೇ ಲಿನಕ್ಸ್ ತೆರೆದುಕೊಳ್ಳುತ್ತದೆ. ವೈಫೈ, ಧ್ವನಿ, ಪ್ರಿಂಟರುಗಳು ಒಲಿಯುವುವೇ ಎಂಬುದನ್ನು ಆಗಲೇ ನೋಡಿಬಿಡಬೇಕು.

ಗಂಡಾಂತರವಿರುವುದು ಸ್ಥಾಪನೆಯಲ್ಲಿ. ಡಿಸ್ಕನ್ನು ಅಳಿಸಿ ಸ್ಥಾಪಿಸಬೇಕೆ ಎಂಬ ಪ್ರಶ್ನೆಗೆ ಅವಸರದಲ್ಲಿ ಹೂಂಗುಟ್ಟಿದರೆ ವಿಂಡೋಸಿನೊಡನೆ ಮಗಳ ಮದುವೆಯ ಚಿತ್ರಗಳೂ ಹೋದುವು! ಎರಡನ್ನೂ ಒಟ್ಟಿಗೆ ಇರಿಸಿಕೊಳ್ಳುವ ದಾರಿಯೂ ಇದೆ. ಯಾವುದನ್ನೇ ಆರಿಸಲಿ, ಮೊದಲು ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲಿಸಿ, ಅದನ್ನು ಗಣಕದಿಂದ ಕಳಚಿ ಬೀರುವಿನಲ್ಲಿಡಬೇಕು.