ಹೊಸ ತೊಟ್ಟಿಯ ಮೀನಿಗೆ ತಾಗುವುದು ದೃಷ್ಟಿಯಲ್ಲ, ನೀರಿನ ವಿಷ

ಮುಂಬಯಿ: ಹಳೆಯ ಚಾಳುಗಳು ಉರುಳಿ ಬಹುಮಹಡಿ ಕಟ್ಟಡಗಳು ಏಳುತ್ತಿರುವ ಈ ಮಹಾನಗರದಲ್ಲಿ ಮನೆ ಬದಲಾಯಿಸುವುದು ತುಳು-ಕನ್ನಡಿಗರಿಗೂ ಹೊಸತಲ್ಲ. ಸಾಮಾನು ಸರಂಜಾಮಿನ ಜತೆಗೆ ಮಕ್ಕಳ ಮುದ್ದಿನ ಮೀನುಗಳೂ ಹೊಸ ಮನೆ ಸೇರುತ್ತವೆ. ಗೃಹಪ್ರವೇಶದ ಸಂಭ್ರಮಕ್ಕೆಂದು ದೊಡ್ಡ ಅಕ್ವೇರಿಯಂ, ಹೊಸ ಜಲ್ಲಿ, ಬಣ್ಣದ ದೀಪ ಬರುತ್ತವೆ. ಆದರೆ ಹಳೆಯ ತೊಟ್ಟಿಯಲ್ಲಿ ವರ್ಷಗಟ್ಟಲೆ ಗಟ್ಟಿಮುಟ್ಟಾಗಿದ್ದ ಮೀನುಗಳು ವಾರ ಕಳೆಯುವುದರೊಳಗೆ ಮಂಕಾಗಿ ಮೂಲೆ ಸೇರುತ್ತವೆ. ಬಳಿಕ ಒಂದೊಂದಾಗಿ ಸತ್ತು ತೇಲುತ್ತವೆ. ಹೊಟೇಲಿನ ಗಲ್ಲಾದ ಪಕ್ಕ ಹೊಸದಾಗಿ ಇಟ್ಟ ಅಕ್ವೇರಿಯಂನ ಕತೆಯೂ ಹಲವು ಬಾರಿ ಇದೇ.

ಆಗ ಕೇಳಿಬರುವ ಮಾತು, "ಯಾರದೋ ದೃಷ್ಟಿ ತಾಗಿತು". ಇಲ್ಲವೇ, "ಮನೆಗೆ ಬರಲಿದ್ದ ಕಂಟಕವನ್ನು ಮೀನು ತನ್ನ ಮೇಲೆ ಎಳೆದುಕೊಂಡಿತು". ನಂಬಿಕೆ ಅವರವರಿಗೆ ಬಿಟ್ಟದ್ದು. ಆದರೆ ಆ ಸಮಾಧಾನದಲ್ಲಿ ನಿಜವಾದ ಕಾರಣ ಮರೆಯಾಗುತ್ತದೆ. ಮತ್ತೆ ಹೊಸ ಮೀನು ತಂದು ಅದೇ ನೀರಿಗೆ ಬಿಡಲಾಗುತ್ತದೆ, ಅವೂ ಸಾಯುತ್ತವೆ.

ಕಣ್ಣಿಗೆ ಕಾಣದ ಕೆಲಸಗಾರರು

ಮೀನು ತನ್ನ ಕಿವಿರುಗಳ ಮೂಲಕ ಸದಾ ಅಮೋನಿಯಾವನ್ನು ಹೊರಹಾಕುತ್ತಿರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅದೇ ಉತ್ಪತ್ತಿಯಾಗುತ್ತದೆ. ಕೆರೆ, ಹೊಳೆಗಳಲ್ಲಿ ಇದು ಲೆಕ್ಕಕ್ಕಿಲ್ಲ. ಆದರೆ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿಯಲ್ಲಿ ಹಿಡಿಯುವ ನೀರು ಸುಮಾರು 56 ಲೀಟರ್ ಮಾತ್ರ. ಅಷ್ಟು ನೀರಿನಲ್ಲಿ ಅಮೋನಿಯಾ ಬಲು ಬೇಗ ವಿಷದ ಮಟ್ಟಕ್ಕೆ ಏರುತ್ತದೆ.

ಹಳೆಯ ತೊಟ್ಟಿಯಲ್ಲಿ ಈ ವಿಷವನ್ನು ಕರಗಿಸುವುದು ಬ್ಯಾಕ್ಟೀರಿಯಾಗಳು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಆಗಿಸಿದರೆ, ಇನ್ನೊಂದು ಗುಂಪು ಅದನ್ನು ಅಷ್ಟೇನೂ ಅಪಾಯಕಾರಿಯಲ್ಲದ ನೈಟ್ರೇಟ್ ಆಗಿಸುತ್ತದೆ. ಇಂತಹ ಬ್ಯಾಕ್ಟೀರಿಯಾಗಳನ್ನು ರಷ್ಯಾ ಮೂಲದ ವಿಜ್ಞಾನಿ ಸರ್ಗೇಯ್ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಪ್ರತ್ಯೇಕಿಸಿ ತೋರಿಸಿದ್ದರು. ಇವು ಹೆಚ್ಚಾಗಿ ನೆಲೆಸುವುದು ನೀರಿನಲ್ಲಲ್ಲ, ಫಿಲ್ಟರಿನ ಸ್ಪಂಜು ಮತ್ತು ತಳದ ಜಲ್ಲಿಯ ಮೇಲೆ. ಹೊಸ ತೊಟ್ಟಿಯಲ್ಲಿ ಇವು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು.

ತೊಳೆಯುವ ಅಭ್ಯಾಸವೇ ಮುಳುವು

ಹೊಸ ಮನೆಗೆ ಹಳೆಯ ಕೊಳೆ ಬೇಡವೆಂದು ಸ್ಪಂಜನ್ನು ನಳ್ಳಿ ನೀರಿನಲ್ಲಿ ಉಜ್ಜಿ, ಜಲ್ಲಿಯನ್ನು ಬಿಸಿಲಿನಲ್ಲಿ ಒಣಗಿಸುವವರೇ ಹೆಚ್ಚು. ನಳ್ಳಿ ನೀರಿನ ಕ್ಲೋರಿನ್ ಮತ್ತು ಬಿಸಿಲು ಸೇರಿ ಆ ಉಪಕಾರಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ತೊಟ್ಟಿ ಕನ್ನಡಿಯಂತೆ ಹೊಳೆಯುತ್ತದೆ, ನೀರು ತಿಳಿಯಾಗಿ ಕಾಣುತ್ತದೆ. ಆದರೆ ಅಮೋನಿಯಾಕ್ಕೂ ನೈಟ್ರೈಟಿಗೂ ಬಣ್ಣವಿಲ್ಲ. ಹೊಸ ಕಟ್ಟಡಕ್ಕೆ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬರುವುದಾದರೆ ಅದರ ಗಡಸುತನ, ಕ್ಷಾರೀಯ ಗುಣ ಬೇರೆಯಾಗಿರಬಹುದು. ನೀರು ಹೆಚ್ಚು ಕ್ಷಾರೀಯವಾದಷ್ಟೂ, ಬೆಚ್ಚಗಾದಷ್ಟೂ ಅಮೋನಿಯಾದ ವಿಷ ತೀವ್ರವಾಗುತ್ತದೆ.

ಮೀನು ಹೇಳುವ ಸೂಚನೆ

ಮೀನು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಾಯಿ ಬಿಡುವುದು, ಕಿವಿರು ಕೆಂಪಾಗುವುದು, ರೆಕ್ಕೆ ಮುದುಡಿ ತಳದಲ್ಲಿ ಕೂರುವುದು, ಆಹಾರ ಬಿಡುವುದು ಅಮೋನಿಯಾದ ಲಕ್ಷಣಗಳು. ನೈಟ್ರೈಟ್ ರಕ್ತ ಸೇರಿದರೆ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ, ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ.

ಹೀಗೆ ಬಳಲಿದ ಮೀನಿಗೆ ಬೇಗನೆ ತಗಲುವ ರೋಗ ಬಿಳಿಚುಕ್ಕೆ. ಮೈಮೇಲೆ ರವೆ ಉದುರಿಸಿದಂತೆ ಚುಕ್ಕೆಗಳು ಏಳುತ್ತವೆ, ಮೀನು ಕಲ್ಲಿಗೆ ಮೈ ಉಜ್ಜುತ್ತದೆ. ಇದಕ್ಕೆ ಕಾರಣವಾದ ಪರೋಪಜೀವಿ ಚರ್ಮದೊಳಗೆ ಅಡಗಿರುವಾಗ ಔಷಧ ಅದನ್ನು ಮುಟ್ಟದು. ಅದು ಮೀನಿನಿಂದ ಕಳಚಿ ತಳ ಸೇರಿ ನೂರಾರು ಮರಿಗಳನ್ನು ಬಿಡುತ್ತದೆ. ಅವು ನೀರಿನಲ್ಲಿ ಈಜುವಾಗ ಮಾತ್ರ ಔಷಧ ಕೆಲಸ ಮಾಡುತ್ತದೆ. ಆದ್ದರಿಂದ ಚುಕ್ಕೆ ಮಾಯವಾಯಿತೆಂದು ಮದ್ದನ್ನು ನಡುವೆ ನಿಲ್ಲಿಸಿದರೆ ರೋಗ ಮರುಕಳಿಸುತ್ತದೆ.

ಆದರೆ ನೀರು ಸರಿಪಡಿಸದೆ ಔಷಧಿ ಸುರಿಯುವುದರಿಂದ ಪ್ರಯೋಜನವಿಲ್ಲ. ಮೆಥಿಲೀನ್ ಬ್ಲೂನಂತಹ ಔಷಧಗಳು ಉಪಕಾರಿ ಬ್ಯಾಕ್ಟೀರಿಯಾಗಳಿಗೂ ಹಾನಿ ಮಾಡಬಲ್ಲವು. ಔಷಧ ಕೊಡಲೇಬೇಕಾದಾಗ ಸಾಧ್ಯವಾದರೆ ಮೀನನ್ನು ಬೇರೆ ಪಾತ್ರೆಗೆ ಹಾಕಿ ಕೊಡುವುದು ಲೇಸು.

ಮಾಡಬೇಕಾದುದೇನು?

ಕಾಯಿಲೆ ಕಂಡ ಕೂಡಲೇ ನಾಲ್ಕನೇ ಒಂದು ಭಾಗದಿಂದ ಅರ್ಧದಷ್ಟು ನೀರು ಬದಲಿಸಬೇಕು. ಬದಲಿ ನೀರಿಗೆ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ಹಾಕಬೇಕು. ಅದು ಇಲ್ಲದಿದ್ದರೆ ನೀರನ್ನು ತೆರೆದ ಬಾಲ್ದಿಯಲ್ಲಿ ಒಂದು ದಿನ ಇಟ್ಟರೆ ಸಾಮಾನ್ಯ ಕ್ಲೋರಿನ್ ಹೋಗುತ್ತದೆ. ಗಾಳಿಯ ಪಂಪು ಹಗಲು ರಾತ್ರಿ ಓಡುತ್ತಿರಲಿ. ಆಹಾರ ಒಂದೆರಡು ದಿನ ನಿಲ್ಲಿಸಿ, ಬಳಿಕ ಚಿಟಿಕೆಯಷ್ಟೇ ಹಾಕಬೇಕು. ಅಮೋನಿಯಾ, ನೈಟ್ರೈಟ್ ಪರೀಕ್ಷಿಸುವ ಕಿಟ್ ಇದ್ದರೆ ಊಹಿಸುವ ಕಷ್ಟ ತಪ್ಪುತ್ತದೆ.

ಮನೆ ಬದಲಾಯಿಸುವವರು ಹಳೆಯ ಸ್ಪಂಜನ್ನು ತೊಳೆಯದೆ, ಒಣಗಲು ಬಿಡದೆ, ಹಳೆಯ ತೊಟ್ಟಿಯ ನೀರಿನಲ್ಲೇ ಮುಳುಗಿಸಿ ಒಯ್ದು ಅದೇ ದಿನ ಹೊಸ ಫಿಲ್ಟರಿಗೆ ಸೇರಿಸಬೇಕು. ಜಲ್ಲಿಯ ಸ್ವಲ್ಪ ಭಾಗವನ್ನೂ ಹಾಗೆಯೇ ತಂದರೆ ಒಳ್ಳೆಯದು. ನೀರು ತುಂಬಿದ ಗಾಜಿನ ತೊಟ್ಟಿಯನ್ನು ಎತ್ತಬಾರದು, ಅಂಚಿನ ಅಂಟು ಬಿಟ್ಟುಕೊಳ್ಳುವ ಅಪಾಯವಿದೆ. ಮೀನಿರುವ ಚೀಲವನ್ನು 15-20 ನಿಮಿಷ ಹೊಸ ನೀರಿನ ಮೇಲೆ ತೇಲಿಬಿಟ್ಟು, ಸ್ವಲ್ಪ ಸ್ವಲ್ಪವೇ ಹೊಸ ನೀರು ಬೆರೆಸಿ ಒಳಗೆ ಬಿಡಬೇಕು.

ಕುರ್ಲಾದ ಮೀನು ಪೇಟೆಯಿಂದಲೋ ಕ್ರಾಫರ್ಡ್ ಮಾರ್ಕೆಟ್‌ನಿಂದಲೋ ಹೊಸ ಮೀನು ತಂದವರು ಅವನ್ನು ಎರಡು-ಮೂರು ವಾರ ಪ್ರತ್ಯೇಕವಾಗಿ ಇಟ್ಟು ನೋಡುವುದು ಕ್ಷೇಮ. ಗೃಹಪ್ರವೇಶದ ದಿನವೇ ದೊಡ್ಡ ತೊಟ್ಟಿಯಲ್ಲಿ ಮೀನು ಆಡಬೇಕೆಂದಿರುವವರು ಒಂದೂವರೆ ತಿಂಗಳ ಮೊದಲೇ ಹೊಸ ಫಿಲ್ಟರನ್ನು ಹಳೆಯ ತೊಟ್ಟಿಯಲ್ಲಿ ಓಡಿಸಲು ಆರಂಭಿಸಲಿ. ಮುಹೂರ್ತದ ಹೊತ್ತಿಗೆ ಅದರ ಸ್ಪಂಜಿನಲ್ಲಿ ಬ್ಯಾಕ್ಟೀರಿಯಾಗಳು ನೆಲೆಯೂರಿರುತ್ತವೆ.